ತವರನೀರು

ಹೊಳೆಯ ನಡುವಿನ ಗಡ್ಡಿಯ ಮೇಲಿನ ನಮ್ಮ ಮನೆಗೆ ಇದ್ದದ್ದು ಎರಡೇ ಅಂಕಣ. ಒಳಗಿನದರಲ್ಲಿ ನಾವಿರುತ್ತಿದ್ದೆವು, ಮುಂದಿನದರಲ್ಲಿ ಹರಿಗೋಲು ಇರುತ್ತಿತ್ತು. ಮುಂದಿನದೇ ದೊಡ್ಡದು. ಅದಕ್ಕೆ ಬಾಗಿಲಿರಲಿಲ್ಲ, ಎರಡು ಬೇವಿನ ಕಂಬಗಳ ನಡುವೆ ಬಂಡಿ ಹೋಗುವಷ್ಟು ಬಯಲು. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಮಂದಿ ಮೊಳಕಾಲ ನೀರಲ್ಲಿ ನಡೆದೇ ದಾಟುವ ದಿನಗಳಲ್ಲಿ ಹರಿಗೋಲಿಗೆ ಕೆಲಸವಿರುತ್ತಿರಲಿಲ್ಲ. ಆಗ ಮುತ್ಯಾ, ಅಂದರೆ ಅಪ್ಪನ ಅಪ್ಪ, ಅದನ್ನು ಗಾಲಿಯ ಹಾಗೆ ಉರುಳಿಸಿಕೊಂಡು ಬಂದು ಅಲ್ಲಿ ಬೋರಲು ಹಾಕುತ್ತಿದ್ದ. ಬಿದಿರಿನ ದೊಡ್ಡ ಬುಟ್ಟಿಗೆ ಎಮ್ಮೆಯ ತೊಗಲು ಹೊದಿಸಿ ಮಾಡಿದ ದುಂಡನೆಯ ದೋಣಿ ಅದು. ತೊಗಲು ಸೀಳಬಾರದೆಂದು ವಾರಕ್ಕೊಮ್ಮೆ ಎಣ್ಣೆ ಸವರುತ್ತಿದ್ದ. ಆ ಎಣ್ಣೆ, ಆ ತೊಗಲು, ಅದರ ಮೈಗೆ ಅಂಟಿದ ಹೊಳೆಯ ಪಾಚಿ, ಮೂರೂ ಕೂಡಿದ ಒಂದು ವಾಸನೆ ನಮ್ಮ ರೊಟ್ಟಿಗೂ ಹತ್ತುತ್ತಿತ್ತು, ಕೌದಿಗೂ ಹತ್ತುತ್ತಿತ್ತು. ಹೊರಗಿನವರು ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಮಾತ್ರ ಅದು ಮನೆಯ ವಾಸನೆ. ಅವ್ವನಿಗೆ ಅಲ್ಲ. ಮನೆ ಕಟ್ಟುವಾಗ ಮೊದಲು ಹರಿಗೋಲಿನ ಅಳತೆ ತೆಗೆದುಕೊಂಡಿದ್ದಾರೆ, ಉಳಿದ ಜಾಗದಲ್ಲಿ ಮಂದಿಯನ್ನು ತುಂಬಿದ್ದಾರೆ ಎಂದು ಅವ್ವ ಒಲೆಯ ಮುಂದೆ ಕೂತು ಯಾರಿಗೂ ಅಲ್ಲದಂತೆ ಹೇಳುತ್ತಿದ್ದಳು. ಮುತ್ಯಾ ಕೇಳಿಸಿದರೂ ಕೇಳಿಸದಂತೆ ಎಣ್ಣೆ ಸವರುತ್ತಿದ್ದ.

ದೇವದುರ್ಗದ ಸೀಮೆಯಲ್ಲಿ ಹೊಳೆ ಒಂದು ಕಡೆ ಎರಡಾಗಿ ಸೀಳಿ, ಮುಂದೆ ಮತ್ತೆ ಒಂದಾಗುತ್ತದೆ. ನಡುವೆ ಉಳಿದ ನೆಲವೇ ನಮ್ಮ ಗಡ್ಡಿ. ಹನ್ನೆರಡು ಮನೆ, ಒಂದು ಗಂಗಮ್ಮನ ಕಟ್ಟೆ, ಸುತ್ತ ಜೋಳದ ಹೊಲ, ಹೊಲದಾಚೆ ನೀರು. ಉಳಿದ ಮನೆಗಳವರು ಒಕ್ಕಲುತನದವರು. ನಾವು ಮಾತ್ರ ಅಂಬಿಗರು. ದಂಡೆಯ ಊರಿಗೆ ಹೋಗುವವರು, ಸಂತೆಗೆ ಹೋಗುವವರು, ಹೆರಿಗೆಗೆ ತವರಿಗೆ ಹೋಗುವವರು, ಎಲ್ಲರನ್ನೂ ಮುತ್ಯಾನೇ ದಾಟಿಸಬೇಕು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಎರಡೂ ದಂಡೆಯ ಹೊಲಗಳಿಂದ ಜೋಳ ಬರುತ್ತಿತ್ತು. ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ; ಬಲೆಗೆ ಬಿದ್ದ ದಿನ ಹುಣಸೆಹುಳಿ ಹಿಂಡಿದ ಮೀನಸಾರು. ಎಳ್ಳಮಾಸಿಯ ದಿನ ಊರವರೆಲ್ಲ ಸಜ್ಜೆರೊಟ್ಟಿ, ಪಲ್ಯ ಕಲಸಿ ಹೊಲದಲ್ಲಿ ಚರಗ ಚೆಲ್ಲಿದರೆ, ನಾವು ಹರಿಗೋಲಿನಲ್ಲಿ ಕೂತು ನೀರಿಗೆ ಚೆಲ್ಲುತ್ತಿದ್ದೆವು. ಭೂಮಿ ಉಂಡ ಹಾಗೆ ಹೊಳೆಯೂ ಉಣ್ಣಬೇಕು ಎನ್ನುವುದು ಮುತ್ಯಾನ ಲೆಕ್ಕ. ಮೀನುಗಳು ಗುಂಪಾಗಿ ಬಂದು ಸಜ್ಜೆರೊಟ್ಟಿಯ ಚೂರಿಗೆ ಬಾಯಿ ಹಾಕುವುದನ್ನು ಅಂಚಿನಿಂದ ಬಗ್ಗಿ ನೋಡುವಾಗ ಅವ್ವ ಹಿಂದಿನಿಂದ ನನ್ನ ಲಂಗವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಿದ್ದಳು.

ಮುತ್ಯಾನಿಗೆ ಎರಡು ಬಗೆಯ ಮಾತಿದ್ದವು. ದಂಡೆಯ ಮೇಲಿದ್ದಾಗ ಎಲ್ಲರಂತೆ ಮಾತಾಡುತ್ತಿದ್ದ. ಹರಿಗೋಲಿಗೆ ಕಾಲಿಟ್ಟನೆಂದರೆ ಮಾತೇ ಬೇರೆ. ನೀರಿನ ಮೇಲೆ ಕೆಲವು ಮಾತು ಆಡಬಾರದು ಎಂದು ಅವನ ಹಿರಿಯರು ಹೇಳಿದ್ದರಂತೆ. ಮೊಸಳೆ ಎನ್ನಬಾರದು, 'ಮಾವ' ಎನ್ನಬೇಕು. ಮುಳುಗಿತು ಎನ್ನಬಾರದು, 'ತಣ್ಣಗಾತು' ಎನ್ನಬೇಕು. ಸುಳಿಗೆ 'ಬೀಸುಕಲ್ಲು'. ಅಡಿಯಲ್ಲಿ ಬಂಡೆ ಇದ್ದು ಮೇಲೆ ನೀರು ಮಡಿಕೆ ಮಡಿಕೆಯಾಗಿ ಹರಿದರೆ ಅದು 'ನಿರಿಗಿ'. ಆಳವಾದ, ಅಲುಗದ ನೀರು 'ಮಲಗಿದಾಕಿ'. ಮುಂಗಾರಿನ ಮೊದಲ ಕೆಂಪು ನೀರು ಬಂದರೆ 'ಕೆಂಪವ್ವ ಬಂದ್ಲು'. ಹೊಳೆ ದಾಟುವಾಗ ಒಂದೊಂದು ಬಗೆಯ ನೀರಿಗೆ ಬಂದಾಗಲೂ ಅದರ ಹೆಸರನ್ನು ಅವನು ಗಟ್ಟಿಯಾಗಿ ಕೂಗುತ್ತಿದ್ದ. ಹಿಂದೆ ಹತ್ತಾರು ಹರಿಗೋಲು ಓಡಾಡುತ್ತಿದ್ದ ಕಾಲದಲ್ಲಿ ಹಿಂದಿನವರಿಗೆ ಗೊತ್ತಾಗಲೆಂದು ಮುಂದಿನವರು ಕೂಗುತ್ತಿದ್ದರಂತೆ. ನನ್ನ ಕಾಲಕ್ಕೆ ಹಿಂದೆ ಯಾರೂ ಇರಲಿಲ್ಲ. ಆದರೂ ಅವನು ಕೂಗುವುದನ್ನು ಬಿಟ್ಟಿರಲಿಲ್ಲ. ನನಗೆ ಈ ಮಾತುಗಳನ್ನು ಯಾರೂ ಕಲಿಸಲಿಲ್ಲ. ನಡೆಯುವುದು ಬಂದ ಹಾಗೆ ಬಂದವು.

ಅವ್ವ ಮಾತ್ರ ಆ ಮಾತುಗಳಲ್ಲಿ ಒಂದನ್ನೂ ಬಾಯಿಗೆ ತಂದುಕೊಳ್ಳಲಿಲ್ಲ. ಅವಳು ದೇವದುರ್ಗದ ಕಡೆಯ ಮೇಲುಸೀಮೆಯ ಹೆಣ್ಣು. ಅವಳ ತವರಿನಲ್ಲಿ ಸುತ್ತ ಕುರಿಗಾರರ ಮನೆ, ಕುಡಿಯಲು ಬಾವಿನೀರು. ಮದುವೆಯಾಗುವವರೆಗೆ ಹೊಳೆಯನ್ನೇ ನೋಡಿರಲಿಲ್ಲ. ಮದುವೆ ಮುಗಿದು ಮೊದಲ ಸಲ ಹರಿಗೋಲಿನಲ್ಲಿ ಕೂತು ಗಂಡನ ಮನೆಗೆ ಬರುವಾಗ, ನಡುಹೊಳೆಯ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಿದ್ದದ್ದನ್ನು ಕಂಡು 'ಯವ್ವಾ, ಮೊಸಳಿ' ಎಂದಳಂತೆ. ಮುತ್ಯಾ ಹುಟ್ಟು ತಿರುಗಿಸಿ, ಬಂದ ದಂಡೆಗೇ ಹರಿಗೋಲು ಹಚ್ಚಿ, ಬೀಗರು, ಮದುಮಗ, ಮದುಮಗಳು, ಎಲ್ಲರನ್ನೂ ಇಳಿಸಿದನಂತೆ. ಗಂಗಮ್ಮನಿಗೆ ಕಾಯಿ ಒಡೆದು, ಬಾಸಿಂಗದ ಸಮೇತ ಮತ್ತೆ ಹತ್ತಿಸಿಕೊಂಡು ಹೊರಟ. ಹರಿಗೋಲಿನಲ್ಲಿ ಅದಕ್ಕೆ ಮಾವ ಎನ್ನಬೇಕು ಎಂದು ಯಾರೋ ಅವಳ ಕಿವಿಯಲ್ಲಿ ಹೇಳಿದರು. ಆಗ ಅವ್ವ ಸೆರಗಿನೊಳಗಿನಿಂದಲೇ ಒಂದು ಮಾತು ಅಂದಳಂತೆ, ಅದು ಎರಡೂ ದಂಡೆಯ ಊರುಗಳಲ್ಲಿ ಬಹಳ ದಿನ ಓಡಾಡಿತು:

"ನನಗ ಒಬ್ಬ ಮಾವ ಸಾಕು."

ಅಂದಿನಿಂದ ಅವಳು ಹರಿಗೋಲಿನಲ್ಲಿ ಬಾಯಿ ಬಿಡಲಿಲ್ಲ. ಹತ್ತುವಾಗ ಕಣ್ಣು ಮುಚ್ಚಿದರೆ ಇಳಿಯುವಾಗ ತೆರೆಯುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ನನ್ನನ್ನು ಕರೆದುಕೊಂಡು ಗಟ್ಟಿ ನೆಲಕ್ಕೆ ಹೋಗುವುದು. ಅಪ್ಪ ಹತ್ತಿರ ಕೂತಾಗಲೆಲ್ಲ ಇದೇ ಮಾತು. ಮುತ್ಯಾನ ಜೊತೆ ಹರಿಗೋಲಿಗೆ ಹೋಗುತ್ತಿದ್ದ ಅಪ್ಪ ಒಳ್ಳೆಯವನು, ಮಾತು ಕಡಿಮೆ. ಅಪ್ಪನಿಗೂ ಹೊಳೆ ಸಾಕಾಗಿತ್ತೆಂದು ಈಗ ಅನ್ನಿಸುತ್ತದೆ, ಆದರೆ ತನ್ನಪ್ಪನ ಮುಂದೆ ಅದನ್ನು ಹೇಳುವ ಎದೆ ಅವನಿಗಿರಲಿಲ್ಲ.

ನನಗೆ ಆರೋ ಏಳೋ ವರ್ಷವಿದ್ದಾಗ ಅತ್ತಿ ತವರಿಗೆ ಬಂದಳು. ದ್ಯಾಮವ್ವ ಅತ್ತಿ, ಅಪ್ಪನ ಅಕ್ಕ. ಅವಳನ್ನು ಮಾನ್ವಿ ತಾಲೂಕಿನ ಚೀಕಲಪರ್ವಿಗೆ ಕೊಟ್ಟಿದ್ದರು. ಅಲ್ಲಿ ತುಂಗಭದ್ರೆ, ಅಲ್ಲಿಯೂ ಅಂಬಿಗರ ಮನೆ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅತ್ತಿ ಒಂದು ಟ್ರಂಕು ಮತ್ತು ಒಂದು ಹುಟ್ಟು ಹಿಡಿದುಕೊಂಡು ಬಂದಿಳಿದಳು. ಹುಟ್ಟು ಗಂಡನದು. ಗಟ್ಟಿಮುಟ್ಟಾದ ಹೆಣ್ಣು, ದನಿಯೂ ಗಟ್ಟಿ. ಅವಳು ಬಂದ ಮೇಲೆ ನಮ್ಮ ಊಟದ ಹೊತ್ತು ಜಗಳದ ಹೊತ್ತಾಯಿತು. ಚೀಕಲಪರ್ವಿಯ ಕಡೆ ತೊಗಲು ಬಿಟ್ಟು ಗೋಣಿತಟ್ಟಿಗೆ ಡಾಂಬರು ಬಳಿದು ಹೊದಿಸುತ್ತಾರೆ, ಹಗುರ, ವಾಸನೆಯಿಲ್ಲ ಎಂದು ಅವಳು. ಡಾಂಬರು ರೋಡಿಗೆ, ಹೊಳೆಗಲ್ಲ ಎಂದು ಮುತ್ಯಾ. ಅಲ್ಲಿ ನಿರಿಗಿಗೆ 'ಗೆಜ್ಜಿನೀರು' ಅಂತಾರೆ ಎಂದು ಅವಳು. ಅಲ್ಲಿಯವರಿಗೆ ನೀರು ಗೊತ್ತಿಲ್ಲ ಎಂದು ಮುತ್ಯಾ. ಅಪ್ಪ ತಲೆಯೆತ್ತದೆ ಉಣ್ಣುತ್ತಿದ್ದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಇಬ್ಬರ ತಟ್ಟೆಗೂ ಒಂದೊಂದು ಬಿಸಿರೊಟ್ಟಿ ಹಾಕುತ್ತಿದ್ದಳು. ರೊಟ್ಟಿ ಬಿದ್ದ ಕೂಡಲೇ ಇಬ್ಬರೂ ಸುಮ್ಮನಾಗುತ್ತಿದ್ದರು. ಆ ಜಗಳಗಳಲ್ಲಿ ಸಿಟ್ಟಿರಲಿಲ್ಲ. ಹೊಳೆಯ ಬಗ್ಗೆ ಸರಿಸಮ ಮಾತಾಡುವವರು ಮುತ್ಯಾನಿಗೆ ಬೇರೆ ಯಾರೂ ಇರಲಿಲ್ಲ. ಆದರೆ ಒಂದು ವಿಷಯಕ್ಕೆ ಮಾತ್ರ ನಿಜವಾದ ಸಿಟ್ಟು ಬರುತ್ತಿತ್ತು. ಹರಿಗೋಲು ದಂಡೆ ಬಿಡುವಾಗ ಮುತ್ಯಾ ಕೈಮುಗಿದು ಏಳು ಹೆಸರು ಹೇಳುತ್ತಿದ್ದ: ಹಿರೇಭೀಮ, ಗಂಗಪ್ಪ, ಸಣ್ಣಭೀಮ, ಹುಲಿಗೆಪ್ಪ, ಹನುಮ, ಕರೆಪ್ಪ, ತಿಮ್ಮಪ್ಪ. ಅವನಿಗಿಂತ ಮೊದಲು ಆ ಹೊಳೆಯಲ್ಲಿ ಹುಟ್ಟು ಹಿಡಿದವರು. ಹುಟ್ಟು ತನಗೂ ಬರುತ್ತದೆ, ಒಂದು ಸಲ ತನ್ನ ಕೈಗೆ ಕೊಡು ಎಂದು ಅತ್ತಿ ಕೇಳಿದಾಗಲೆಲ್ಲ ಮುತ್ಯಾನ ಮುಖ ಕಲ್ಲಾಗುತ್ತಿತ್ತು. ಹೆಣ್ಣು ಹುಟ್ಟು ಹಿಡಿದದ್ದು ಆ ಏಳು ಮಂದಿಯ ಕಾಲದಲ್ಲಿ ಇಲ್ಲ, ನನ್ನ ಕಾಲದಲ್ಲೂ ಇಲ್ಲ ಎನ್ನುತ್ತಿದ್ದ. ಅತ್ತಿಯ ಹುಟ್ಟು ಮನೆಯ ಜಂತಿಗೆ ಸಿಕ್ಕಿಸಿದ್ದು ಅಲ್ಲೇ ಉಳಿಯಿತು.

ನಾನು ಮೂರನೆಯ ತರಗತಿ ಮುಗಿಸಿದ ವರ್ಷ ಅಪ್ಪನಿಗೆ ರಾಯಚೂರಿನ ಒಂದು ಕಚೇರಿಯಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಅಪ್ಪ ಹೇಳಲಾರದೆ ಮೂರು ದಿನ ಒದ್ದಾಡಿದ, ಕೊನೆಗೆ ಅವ್ವನೇ ಬಾಗಿಲ ಹಿಂದೆ ನಿಂತು ಮುತ್ಯಾನಿಗೆ ಹೇಳಿದಳು. ಮುತ್ಯಾ, ಹುಡುಗಿಯನ್ನು ಇಲ್ಲೇ ಬಿಡಿ ಎಂದ. ಆಗುವುದಿಲ್ಲ ಎಂದಳು ಅವ್ವ. ಅಷ್ಟೇ ಮಾತು. ಹೊರಡುವ ದಿನ ಅವನೇ ದಾಟಿಸಿದ. ಅಂದು ಕೂಡ ನೀರಿನ ಹೆಸರುಗಳನ್ನೆಲ್ಲ ಕೂಗಿದ. ಅವ್ವ ಎಂದಿನಂತೆ ಕಣ್ಣು ಮುಚ್ಚಿಕೊಂಡಿದ್ದಳು. ಬಸ್ಸು ರಾಯಚೂರಿನ ದಾರಿಯ ಕಲ್ಮಲದಲ್ಲಿ ನಿಂತಾಗ ಅವಳು ಕೆಳಗಿಳಿದು, ಕಾಲಿನಿಂದ ನೆಲವನ್ನು ಎರಡು ಸಲ ಒತ್ತಿ ನೋಡಿ, ಮತ್ತೆ ಹತ್ತಿ ಕೂತದ್ದು ನೆನಪಿದೆ. ಅವಳ ಮುಖದಲ್ಲಿ ಅಂಥ ನಿರಾಳವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ರಾಯಚೂರಿನ ನಮ್ಮ ಬಾಡಿಗೆ ಮನೆ ಕೋಟೆಯ ಹಿಂದಿನ ಒಂದು ಓಣಿಯಲ್ಲಿತ್ತು. ಶಹಾಬಾದಿ ಕಲ್ಲಿನ ನೆಲ, ತಗಡಿನ ಮಾಡು, ನಲ್ಲಿಗೆ ಸಾಲು. ಅಕ್ಕಪಕ್ಕದಲ್ಲಿ ಉರ್ದು, ತೆಲುಗು, ಕನ್ನಡ ಎಲ್ಲ ಕಲಸಿಕೊಂಡಿದ್ದವು. ಅವ್ವ ಆರು ತಿಂಗಳಲ್ಲಿ ಮೂರರಲ್ಲೂ ಜಗಳವಾಡುವಷ್ಟು ಕಲಿತಳು. ನನ್ನ ಕಥೆ ಬೇರೆಯಾಯಿತು. ಶಾಲೆಗೆ ಸೇರಿದ ಹೊಸತರಲ್ಲಿ ಗುರುಗಳು ತಮ್ಮ ತಮ್ಮ ಊರಿನ ಬಗ್ಗೆ ಎದ್ದು ನಿಂತು ಹೇಳಿ ಎಂದರು. ನಾನು ಎದ್ದು, ನಮ್ಮೂರಾಗ ಮಾವ ಕಲ್ಲಬಂಡಿ ಮ್ಯಾಲ ಬಾಯಿ ತಗದು ಬಿಸಲು ಕಾಸ್ತಾನ, ಒಮ್ಮೊಮ್ಮಿ ಕುರಿ ತಿಂತಾನ ಎಂದೆ. ಗುರುಗಳು ಮೊದಲು ನಕ್ಕರು, ಅವರ ಹಿಂದೆ ತರಗತಿಯೇ ನಕ್ಕಿತು. ಆಮೇಲೆ ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ಹುಡುಗಿಯರು ಇವತ್ತು ನಿಮ್ಮ ಮಾವ ಏನು ತಿಂದ ಎಂದು ಕೇಳತೊಡಗಿದರು. ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗಡ್ಡಿಯ ಒಂದು ಮಾತೂ ಇನ್ನು ಬಾಯಿಂದ ಬರಬಾರದು ಎಂದು ತೀರ್ಮಾನ ಮಾಡಿಕೊಂಡೆ. ಪುಸ್ತಕದ ಹಾಗೆ ಮಾತಾಡುವುದನ್ನು ರೂಢಿಸಿಕೊಂಡೆ. ಎರಡು ವರ್ಷದಲ್ಲಿ ತರಗತಿಗೆ ಮೊದಲಿಗಳಾದೆ. ಪಕ್ಕದ ಮನೆಯ ಸುಮಿತ್ರಾ ನನ್ನ ಗೆಳತಿಯಾದಳು. ಅವಳಪ್ಪ ದೊಡ್ಡ ನೌಕರಿಯವರು, ಅವಳ ಮಾತು ರೇಡಿಯೋದ ಮಾತಿನಂತೆ. ನಾನು ಹೊಳೆಯ ನಡುವೆ ಹುಟ್ಟಿದವಳೆಂದು ಅವಳಿಗೆ ಹೇಳಿರಲಿಲ್ಲ.

ಐದನೆಯ ತರಗತಿಯ ಬೇಸಿಗೆಯಲ್ಲಿ ಮುತ್ಯಾ ರಾಯಚೂರಿಗೆ ಬಂದ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದಂಡೆ ಯಾವುದು, ನೀರು ಯಾವುದು ತಿಳಿಯದೆ ಒಂದು ಸಲ ಹರಿಗೋಲನ್ನು ಬಂಡೆಗೆ ತಾಗಿಸಿದ್ದನಂತೆ. ಅಪ್ಪ ಹೋಗಿ ಕರೆತಂದು ಆಪರೇಶನ್ ಮಾಡಿಸಿದ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ತಲೆ ಅಲುಗಿಸಬಾರದು, ಬಗ್ಗಬಾರದು, ಗಟ್ಟಿ ಪದಾರ್ಥ ಅಗಿಯಬಾರದು. ಅವ್ವ ರವೆಗಂಜಿ, ಮೆತ್ತನೆಯ ನವಣೆ ಅನ್ನ ಮಾಡಿ ಸೆರಗು ಸರಿಪಡಿಸಿಕೊಂಡು ತಾನೇ ಉಣಿಸುತ್ತಿದ್ದಳು. ರೊಟ್ಟಿ ಇಲ್ಲದ ಊಟ ರೋಗಿಯ ಊಟ ಎಂದು ಅವನು ಗೊಣಗುತ್ತಿದ್ದ. ನೀವು ಈಗ ರೋಗಿನೇ ಎಂದು ಅವಳು ಮುಂದಿನ ತುತ್ತು ಇಡುತ್ತಿದ್ದಳು. ಹೊರಸಿನ ಮೇಲೆ ಗೋಡೆಗೆ ಒರಗಿ ಕೂತ ಮುತ್ಯಾ ಮಾಡಲು ಕೆಲಸವಿಲ್ಲದೆ ತನ್ನಷ್ಟಕ್ಕೆ ಹೊಳೆ ದಾಟುತ್ತಿದ್ದ. ತುಟಿ ಅಲುಗುತ್ತಿತ್ತು. ಏಳು ಹೆಸರು ಹೇಳಿ, ಆಮೇಲೆ ಮೆಲ್ಲಗೆ ನಿರಿಗಿ, ಮಲಗಿದಾಕಿ, ಬೀಸುಕಲ್ಲು ಎಂದು ಒಂದೊಂದಾಗಿ. ದಿನಕ್ಕೆ ಎಷ್ಟು ಸಲ ದಾಟುತ್ತಿದ್ದನೋ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಮಧ್ಯಾಹ್ನ. ಸುಮಿತ್ರಾ ನಮ್ಮ ಮನೆಗೆ ಬಂದಿದ್ದಳು. ಇಬ್ಬರೂ ನೆಲದ ಮೇಲೆ ಕೂತು ಚೌಕಾಬಾರ ಆಡುತ್ತಿದ್ದೆವು. ಹೆಸರು ಹೇಳುತ್ತ ಹೇಳುತ್ತ ಮುತ್ಯಾ ನಡುವೆ ನಿಂತುಬಿಟ್ಟ. ಹಿಂದಕ್ಕೆ ಹೋಗಿ ಮತ್ತೆ ಏಳು ಹೆಸರಿನಿಂದ ಶುರುಮಾಡಿದ. ಮತ್ತೆ ಅಲ್ಲಿಯೇ ನಿಂತ. ಆಮೇಲೆ ನಾನಿದ್ದ ಕಡೆ ಪಟ್ಟಿ ಕಟ್ಟಿದ ಮುಖ ತಿರುಗಿಸಿದ.

"ನೀಲಾ, ದಂಡಿ ಹತ್ರ ಹಿಂದಕ ತಿರುಗಿ ಮ್ಯಾಲಕ ಹೊಕ್ಕದಲ್ಲ, ಆ ನೀರಿಗಿ ಏನಂತೀವಿ ಯವ್ವಾ?"

ನನಗೆ ಗೊತ್ತಿತ್ತು. ಕೇಳಿದ ಕ್ಷಣವೇ ಆ ಮಾತು ನಾಲಗೆಯ ತುದಿಗೆ ಬಂದಿತ್ತು. ಸುಮಿತ್ರಾ ಕವಡೆ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಳು. ನಾನು ಪುಸ್ತಕದ ಮಾತಿನಲ್ಲಿ, ನನಗೆ ಗೊತ್ತಿಲ್ಲ ಎಂದೆ. ಮುತ್ಯಾ, ಗೊತ್ತಿಲ್ಲೇನು ಎಂದು ತನಗೆ ತಾನೇ ಹೇಳಿಕೊಂಡು ಗೋಡೆಗೆ ಒರಗಿದ. ಅವನ ತುಟಿಯ ಅಲುಗಾಟ ನಿಂತಿತು. ಅಂದು ಮಧ್ಯಾಹ್ನ ಮತ್ತೆ ಹೊಳೆ ದಾಟಲಿಲ್ಲ. ಮರುದಿನವೂ ದಾಟಲಿಲ್ಲ. ಅವ್ವ ಉಣಿಸಲು ಹೋದರೆ ಬಾಯಿ ತೆರೆಯುತ್ತಿದ್ದ, ಅಷ್ಟೇ, ಗೊಣಗುವುದನ್ನೂ ಬಿಟ್ಟ. ಅವನು ಆ ಮಾತನ್ನು ಮರೆತದ್ದಕ್ಕೆ ಮಾತ್ರ ನೊಂದಿರಲಿಲ್ಲ. ಮೊಮ್ಮಗಳಿಗೂ ಮರೆತಿದೆ ಎಂದುಕೊಂಡಿದ್ದ. ಹತ್ತು ವರ್ಷದ ನನಗೂ ಅದು ತಿಳಿಯಿತು. ಹೋಗಿ ಹೇಳಬೇಕೆಂದು ಎಷ್ಟೋ ಸಲ ಹೊರಸಿನ ತನಕ ಹೋದೆ. ಹೇಳಿದರೆ ಮೊದಲ ಸಲ ಸುಳ್ಳು ಹೇಳಿದ್ದೇಕೆಂದು ಕೇಳುತ್ತಾನೆ. ಹಿಂದಿರುಗಿ ಬಂದೆ.

ಅದರ ಮಾರನೆಯ ದಿನ ಸಂಜೆ ಅವ್ವ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ನಾನು ಬಾಗಿಲ ಬಳಿ ಕೂತು ಶೇಂಗಾ ಸುಲಿಯುತ್ತಿದ್ದೆ. ಮುತ್ಯಾ ಮತ್ತೆ ಮೊದಲಿನಿಂದ ಶುರುಮಾಡಿದ, ಬಹಳ ಮೆಲ್ಲಗೆ. ಹೆಸರುಗಳು ಮುಗಿದವು. ನಿರಿಗಿ ಆಯಿತು. ಮಲಗಿದಾಕಿ ಆಯಿತು. ಆಮೇಲೆ ಸದ್ದಿಲ್ಲ. ಒಗ್ಗರಣೆಯ ಚಟಪಟ ನಿಂತಿತು, ಅವ್ವ ಸೌಟನ್ನು ಕೆಳಗಿಟ್ಟದ್ದು ಕೇಳಿಸಿತು.

"ತವರನೀರು," ಎಂದಳು ಒಳಗಿನಿಂದ.

ಮುತ್ಯಾ ತಲೆ ಅಲುಗಿಸಬಾರದು ಎಂಬುದನ್ನು ಮರೆತು ಆ ಕಡೆ ತಿರುಗಿದ. ಅವ್ವ ನಿಲ್ಲಿಸಲಿಲ್ಲ. ತವರನೀರು ದಾಟಿದ ಮೇಲೆ ಬೀಸುಕಲ್ಲು, ಅದನ್ನು ಎಡಕ್ಕೆ ಬಿಟ್ಟರೆ ಸಣ್ಣ ನಿರಿಗಿ, ಆಮೇಲೆ ಗಂಗಮ್ಮನ ಮೆಟ್ಟಿಲು ಎಂದು ಗಡ್ಡಿಯ ದಂಡೆ ಹತ್ತುವ ತನಕ ಹೇಳಿ ಮುಗಿಸಿದಳು. ಗಂಡನ ಮನೆಗೆ ಬಂದ ಹೆಣ್ಣು ತವರಿಗೆ ಹಿಂತಿರುಗಿ ಹೋಗುವಂತೆ, ಕೆಳಗೆ ಹರಿದುಹೋಗಬೇಕಾದ ನೀರು ದಂಡೆಯ ಬಳಿ ತಿರುಗಿ ಮೇಲಕ್ಕೆ ಹೋಗುತ್ತದೆ, ಅದಕ್ಕೇ ಆ ಹೆಸರು. ನನ್ನ ಅವ್ವನ ಬಾಯಿಂದ ಹೊಳೆಯ ಮಾತು ನಾನು ಕೇಳಿದ್ದು ಅದೇ ಮೊದಲು. ಮುತ್ಯಾನೂ ಅದೇ ಮೊದಲು ಕೇಳಿದ್ದು. ಅವನ ಪಟ್ಟಿಯ ಕೆಳಗೆ ಗಲ್ಲದ ಮೇಲೆ ನೀರಿಳಿಯಿತು. ಕಣ್ಣಿಗೆ ಕೆಟ್ಟದ್ದು, ಅಳಬೇಡಿ ಎಂದು ಅವ್ವ ಗದರಿದಳು. ಆಮೇಲೆ ಹೊರಗೆ ಬಂದು ನನ್ನ ಮುಂದೆ ನಿಂತಳು. ನಾನು ಸುಲಿದ ಶೇಂಗಾದ ಮೇಲಿಂದ ಕಣ್ಣೆತ್ತಲಿಲ್ಲ.

"ನಿನಗ ಗೊತ್ತಿತ್ತು. ನಿನ್ನ ಮಾರಿ ನೋಡೇ ನನಗ ತಿಳದಿತ್ತು. ಹಾಳಿ ತಗೊಂಡ್ ಬಾ, ಬರಿ."

ಹಾಗೆ ಶುರುವಾಯಿತು. ಹಳೆಯ ಲೆಕ್ಕದ ನೋಟುಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಬರೆಯಲು ಕೂತೆ. ಆದರೆ ಮುತ್ಯಾ ಒಪ್ಪಲಿಲ್ಲ. ಮನಸ್ಸಿನಲ್ಲಿ ಅಂದುಕೊಳ್ಳುವುದು ಬೇರೆ, ಒಣನೆಲದ ಮೇಲೆ ಕೂತು ನೀರಿನ ಮಾತನ್ನು ಗಟ್ಟಿಯಾಗಿ ಆಡಿ ಬರೆಸುವುದು ಬೇರೆ. ಹಿರಿಯರು ಮೆಚ್ಚುವುದಿಲ್ಲ ಎಂದ. ಅವ್ವ ವಾದ ಮಾಡಲಿಲ್ಲ. ಹಿತ್ತಾಳೆಯ ದೊಡ್ಡ ಪರಾತದಲ್ಲಿ ನೀರು ತುಂಬಿ ತಂದು ಹೊರಸಿನ ಮುಂದಿಟ್ಟು, ಅವನ ಎರಡೂ ಕಾಲನ್ನು ಎತ್ತಿ ಅದರೊಳಗೆ ಇರಿಸಿದಳು. ಈಗ ನೀರಿನಲ್ಲಿದ್ದೀರಿ, ಹೇಳಿ ಎಂದಳು. ಮುತ್ಯಾ ಕಾಲ್ಬೆರಳನ್ನು ನೀರಿನಲ್ಲಿ ಆಡಿಸಿ ನೋಡಿದ. ಬಹಳ ದಿನದ ಮೇಲೆ ನಕ್ಕ. ಆ ದಿನದಿಂದ ಪಟ್ಟಿ ಬಿಚ್ಚುವವರೆಗೆ ಪ್ರತಿ ಸಂಜೆ ಪರಾತ ಬರುತ್ತಿತ್ತು. ಮುತ್ಯಾ ಹೇಳುವುದು, ಅವನು ತಡವರಿಸಿದರೆ ಅವ್ವ ಹೇಳುವುದು, ನಾನು ಬರೆಯುವುದು. ಮೋಡಕ್ಕೆ ಏನು, ಮಂಜಿಗೆ ಏನು, ಮೀನಿನ ಮರಿಗೆ ಏನು, ಬಸಿರಿ ಹೆಣ್ಣನ್ನು ದಾಟಿಸುವಾಗ ಮೊದಲು ಯಾವ ಮಾತು, ಹೆಣ ದಾಟಿಸುವಾಗ ಯಾವುದು. ಸುಮಿತ್ರಾ ಒಂದು ಸಂಜೆ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬರಲಿಕ್ಕೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಪಕ್ಕ ಕೂತು, ನಮ್ಮ ಅಜ್ಜ ಏನು ಮಾಡುತ್ತಿದ್ದನೋ ನನಗೆ ಗೊತ್ತೇ ಇಲ್ಲ ಎಂದಳು. ಮುಂದೆ ನನ್ನ ಅಕ್ಷರ ಓರೆಯಾದಾಗ ಹಾಳೆಗೆ ಗೆರೆ ಹಾಕಿಕೊಟ್ಟವಳು ಅವಳೇ.

ಪಟ್ಟಿ ಬಿಚ್ಚುವ ಎರಡು ದಿನ ಮೊದಲು ಅತ್ತಿ ಗಡ್ಡಿಯಿಂದ ಮುತ್ಯಾನನ್ನು ನೋಡಲು ಬಂದಳು. ಬಂದವಳು ಪರಾತ ನೋಡಿ, ನೋಟುಬುಕ್ಕು ನೋಡಿ, ಏನು ನಡೆದಿದೆ ಎಂದು ಕೇಳಿ ತಿಳಿದುಕೊಂಡಳು. ಕೂತು ಎಲ್ಲವನ್ನೂ ನನ್ನಿಂದ ಓದಿಸಿದಳು. ನಿರಿಗಿಯ ಪಕ್ಕದಲ್ಲಿ ಗೆಜ್ಜಿನೀರು ಎಂದೂ ಬರಿ ಎಂದಳು. ಮುತ್ಯಾ ಬೇಡ ಎಂದ. ಹಳೆಯ ಜಗಳ ಅಲ್ಲಿಯೇ ಶುರುವಾಗಿ, ಕೊನೆಗೆ ಅವ್ವ ಎರಡನ್ನೂ ಬರಿ ಎಂದು ಹೇಳಿದ ಮೇಲೆ ಮುಗಿಯಿತು. ಆಮೇಲೆ ಏಳು ಹೆಸರು ಬರೆದ ಹಾಳೆ ಬಂತು. ಓದಿ ಮುಗಿಸಿ, ಎಂಟನೆಯದಾಗಿ ಮುತ್ಯಾನ ಹೆಸರು ಬರೆಯಲೇ ಎಂದು ಕೇಳಿದೆ. ಬದುಕಿರುವವರದು ಬರೆಯಬಾರದು ಎಂದ. ಆಗ ಅತ್ತಿ ತನ್ನ ಗಟ್ಟಿ ದನಿಗೆ ಒಗ್ಗದಷ್ಟು ಮೆಲ್ಲಗೆ ಹೇಳಿದಳು.

"ಯಪ್ಪಾ, ನೀ ಇಲ್ಲಿ ಬಂದಾಗಿನಿಂದ ಮಂದೀನ ದಾಟಸಾಕತ್ತಿದ್ದು ಯಾರು ಅಂತ ಒಮ್ಮೆರ ಕೇಳಿದೇನು?"

ಮುತ್ಯಾ ಕೇಳಿರಲಿಲ್ಲ. ನಾವ್ಯಾರೂ ಕೇಳಿರಲಿಲ್ಲ. ಜಂತಿಯಿಂದ ಗಂಡನ ಹುಟ್ಟು ಇಳಿಸಿ ಅವಳು ಎರಡು ವಾರದಿಂದ ಗಡ್ಡಿಯವರನ್ನು ದಾಟಿಸುತ್ತಿದ್ದಳು. ಹರಿಗೋಲು ಬಿಡುವಾಗ ಏಳು ಹೆಸರನ್ನೂ ಹೇಳುತ್ತಿದ್ದಳಂತೆ, ಒಂದೂ ಬಿಡದೆ. ಆ ಬೇಸಿಗೆ ಹೊಳೆ ಪೂರ್ತಿ ಬತ್ತಿರಲಿಲ್ಲ, ಅರ್ಧ ನೀರಿತ್ತು, ಯಾರಿಗೂ ಏನೂ ಆಗಿರಲಿಲ್ಲ. ಮುತ್ಯಾನ ಕಾಲು ಪರಾತದೊಳಗೆ ಅಲುಗದೆ ನಿಂತಿತ್ತು. ಸಿಟ್ಟು ಬರುತ್ತದೆ ಎಂದು ಅಪ್ಪ ಎದ್ದು ನಿಂತಿದ್ದ. ಮುತ್ಯಾ ಕೈಚಾಚಿ ಅತ್ತಿಯ ಕೈಯನ್ನು ಹುಡುಕಿ ಹಿಡಿದು, ಅಂಗೈಯನ್ನು ಹೆಬ್ಬೆರಳಿನಿಂದ ತಡವಿದ. ಹುಟ್ಟು ಹಾಕಿ ಹಾಕಿ ಎದ್ದ ದಡ್ಡುಗಳು ಅಲ್ಲಿದ್ದಿರಬೇಕು. ಬೀಸುಕಲ್ಲು ಯಾವ ಕಡೆ ಬಿಡುತ್ತಿ ಎಂದು ಕೇಳಿದ. ಎಡಕ್ಕೆ ಎಂದಳು ಅತ್ತಿ. ಕೆಂಪವ್ವ ಬಂದಾಗ? ಆಗ ಬಲಕ್ಕೆ. ಸರಿ ಎನ್ನುವಂತೆ ಅವನು ಕೈ ಬಿಟ್ಟ. ಅಂದು ಅದಕ್ಕಿಂತ ಹೆಚ್ಚು ಮಾತಾಗಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು. ಅದರಲ್ಲಿ ಅವನ ಕಣ್ಣು ದೊಡ್ಡದಾಗಿ, ಯಾವಾಗಲೂ ಬೆರಗಾದವನ ಹಾಗೆ ಕಾಣುತ್ತಿದ್ದ. ಮೊದಲ ಸಲ ಅದನ್ನು ಹಾಕಿಕೊಂಡು ಅವನು ನೋಡಿದ್ದು ನನ್ನನ್ನು. ಹತ್ತಿರ ಕರೆದ. ಆಗ ನಾನು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ, ಶಾಲೆಯಲ್ಲಿ ನಕ್ಕದ್ದನ್ನೂ ಹೇಳಿದೆ. ಮುತ್ಯಾ ಬೈಯಲಿಲ್ಲ. ನಿಮ್ಮವ್ವ ಬಂದ ದಿನ ಅವಳ ಒಂದು ಮಾತಿಗೆ ನಾನು ಹರಿಗೋಲು ತಿರುಗಿಸಬಾರದಿತ್ತು ಎಂದ. ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಆಗ ನನಗೆ ತಿಳಿಯಲಿಲ್ಲ. ಗಡ್ಡಿಗೆ ಮರಳಿದ ಮೇಲೆ ನೀರಿನ ಥಳಥಳ ಆ ಕನ್ನಡಕಕ್ಕೆ ಒಗ್ಗಲಿಲ್ಲ. ಅವನು ಹರಿಗೋಲಿನ ಮುಂದೆ ಕೂತು ಕೂಗುತ್ತಿದ್ದ, ಅತ್ತಿ ಹುಟ್ಟು ಹಾಕುತ್ತಿದ್ದಳು. ಮರುವರ್ಷ ಹರಿಗೋಲಿಗೆ ಡಾಂಬರೂ ಬಂತು. ಅದನ್ನು ಒಪ್ಪಿಕೊಂಡನೆಂದು ಅವನು ಎಂದೂ ಹೇಳಲಿಲ್ಲ. ಬಳಿಯುವಾಗ ಬೆನ್ನು ತಿರುಗಿಸಿ ಕೂತಿದ್ದನಂತೆ.

ಮುಂದೆ ನಾಲ್ಕಾರು ವರ್ಷಕ್ಕೆ ಹೊಳೆ ಮನೆಗಳೊಳಗೆ ನುಗ್ಗಿತು. ಗೋಡೆಗಳು ಕುಸಿದವು, ಮಂದಿ ಉಳಿದುಕೊಂಡರು. ಎಲ್ಲರಿಗೂ ದಂಡೆಯ ಮೇಲೆ ಜಾಗ ಕೊಟ್ಟರು. ಅತ್ತಿ ದಂಡೆಯಲ್ಲೇ ಇದ್ದು, ಗಡ್ಡಿಯ ಹೊಲಕ್ಕೆ ಹೋಗುವವರನ್ನು ಕೈಯಲ್ಲಿ ಶಕ್ತಿ ಇರುವವರೆಗೆ ದಾಟಿಸಿದಳು. ಮುತ್ಯಾ ಆ ಹೊಸ ಮನೆಯಲ್ಲಿ ಎರಡು ಬೇಸಿಗೆ ಕಂಡು ಹೋದ. ನಾನು ಓದಿ ಮಾನ್ವಿಯಲ್ಲಿ ಕನ್ನಡದ ಶಿಕ್ಷಕಿಯಾದೆ. ಹೊಸ ಮಕ್ಕಳು ತಮ್ಮ ಮನೆಯ ಮಾತಿನಲ್ಲಿ ಏನಾದರೂ ಹೇಳಿ ಉಳಿದವರು ನಕ್ಕರೆ, ಆ ಮಾತನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಎಲ್ಲರಿಂದಲೂ ಓದಿಸುತ್ತಿದ್ದೆ.

ಅವ್ವ ಕೊನೆಯ ವರ್ಷಗಳಲ್ಲಿ ನನ್ನೊಡನೆ ಇದ್ದಳು. ಒಂದು ಮಧ್ಯಾಹ್ನ ಅವಳ ತಲೆಗೆ ಎಣ್ಣೆ ಹಚ್ಚುತ್ತ, ಅಷ್ಟು ವರ್ಷ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. ಹೊಳೆಯನ್ನು ಕಂಡರೆ ಆಗದವಳು ನೀನು, ಹರಿಗೋಲಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದವಳು, ಆ ಮಾತುಗಳನ್ನೆಲ್ಲ ಯಾವಾಗ ಕಲಿತೆ ಎಂದು.

"ನಿಮ್ಮಪ್ಪ, ನಿಮ್ಮ ಮುತ್ಯಾ ಹೊಳ್ಯಾಗ ಇದ್ದಾಗ ನಾ ದಂಡಿ ಮ್ಯಾಲ ನಿಂದ್ರತಿದ್ದೆ," ಎಂದಳು. "ನೋಡಾಕ ಅಂಜಿಕಿ, ಕಣ್ಣ ಮುಚ್ಚಗೊಂತಿದ್ದೆ. ಆದ್ರ ಕೂಗೋದು ಕೇಳ್ತಿತ್ತು. ಈಗ ನಿರಿಗ್ಯಾಗ ಅದಾರ, ಈಗ ಮಲಗಿದಾಕೀನ ದಾಟಿದ್ರು. ತವರನೀರು ಅಂತ ಕೇಳಿದ ಮ್ಯಾಲ ಒಳಗ ಹೋಗಿ ರೊಟ್ಟಿಗಿ ಎಸರು ಇಡ್ತಿದ್ದೆ."